ಬೈಯುವ ಬಾಯಿಯ ಫೋಟೋ

ಸ್ಟುಡಿಯೋದ ವಿಠ್ಠಲಣ್ಣನಿಗೆ,

ಹೊನ್ನಾವರ ಪೇಟೆಯಲ್ಲಿ ಮೀನು ಮಾರುವ ಗೌರಿ ಬರೆಯುವುದು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಡೊಂಕಿದ್ದರೆ ಸುಧಾರಿಸಿಕೋ. ನೀನು ತೀರಿಕೊಂಡ ದಿನ ನಿನ್ನ ಮನೆಗೆ ಬರಲಿಲ್ಲ. ಒಂದು ಫೋಟೋದ ಸಿಟ್ಟು ಹೊಟ್ಟೆಯಲ್ಲಿತ್ತು. ಈಗ ಆ ಸಿಟ್ಟು ನನ್ನ ಮೇಲೇ ತಿರುಗಿದೆ.

ರಸ್ತೆ ಅಗಲ ಮಾಡುವುದಕ್ಕೆ ಅಂಗಡಿಗಳ ಗೋಡೆಗೆ ಕೆಂಪು ಗೆರೆ ಎಳೆದುಹೋದ ವಾರ ನೆನಪಿದೆಯೇ? ಅಂಗಡಿಯವರೆಲ್ಲ ವಕೀಲರ ಮನೆಗೆ ಓಡಿದರು. ನೀನೊಬ್ಬ ಮಾತ್ರ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಗೆ ಒಂದೊಂದೇ ಬಾಗಿಲಿನ ಫೋಟೋ ತೆಗೆಯುತ್ತ ಬಂದೆ. ಚಪ್ಪಲಿ ಹೊಲಿಯುವವನು ಗೋಣಿ ಹಾಸಿ ಕೂರುವ ಜಾಗವನ್ನೂ ಬಿಡಲಿಲ್ಲ. ಯಾರು ಹೇಳಿದ್ದರು ನಿನಗೆ? ಇವನಿಗೆ ಹುಚ್ಚು ಎಂದು ನಾಲ್ಕು ಜನರ ಮುಂದೆ ಅಂದವಳು ನಾನೇ.

"ನಾಳೆ ನಿಮ್ಮ ಮೂರೂ ಜನರದ್ದು" ಎಂದಿದ್ದೆ ನೀನು. ಗೇರುಸೊಪ್ಪೆ ಬಸ್ಸು ನಿಲ್ಲುವಲ್ಲಿ, ಬಟ್ಟೆ ಅಂಗಡಿಯ ಮಾಡಿನ ಕೆಳಗೆ ನಾನು, ಸೀತೆ, ಮಾದೇವಿ ಮೀನು ಇಟ್ಟುಕೊಂಡು ಕೂರುತ್ತಿದ್ದೆವಲ್ಲ. ಮರುದಿನ ಬುಟ್ಟಿಗಳನ್ನು ಅಂಗಡಿಯ ಹಿಂದೆ ಅಡಗಿಸಿ, ಮದುವೆಗೆ ಉಡುವ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಸಾಲಾಗಿ ಕೂತೆವು. ಫೋಟೋಕ್ಕೆ ಯಾರಾದರೂ ಮೀನು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆಯೇ? ನೀನು ಒಂದು ಫೋಟೋ ತೆಗೆದು ಹೋದೆ.

ಅದರ ಮರುದಿನ ತಾರ್ಲೆ ಮೀನು ರಾಶಿ ಬಂದಿತ್ತು, ಗಿರಾಕಿಗಳು ಮುತ್ತಿದ್ದರು. ತಲೆ ಎತ್ತಿದರೆ ನೀನು ಎದುರಿನ ಜಗಲಿಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದೆ.

"ಕೇಳದೇ ತೆಗೀತ್ಯಾ? ನಾಚಿಕೆ ಇಲ್ವಾ ನಿಂಗೆ?"

"ನಿನ್ನೆ ಕೂತವರು ಯಾರೋ ಬೀಗರು. ಗೌರಿ ಇವತ್ತು ಸಿಕ್ಕಿದ್ಲು."

"ಹರಿದು ಹಾಕು ಅದನ್ನ."

"ಆತು ಮಾರಾಯ್ತಿ, ಆತು."

ಜೆಸಿಬಿ ಬಂದಾಗಲೂ ನೀನು ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಆ ಧೂಳಿನಲ್ಲೇ ನಿಂತಿದ್ದೆ. ಅರ್ಧ ಉಳಿದ ಗೋಡೆ, ಅದರ ಮೇಲಿನ ಕ್ಯಾಲೆಂಡರು, ಎಲ್ಲದರ ಫೋಟೋ ತೆಗೆದೆ. ಬಟ್ಟೆ ಅಂಗಡಿಯವರು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಅವರ ಕಡೆ ಮಾತ್ರ ಕ್ಯಾಮೆರಾ ತಿರುಗಿಸಲಿಲ್ಲ ನೀನು. ನಾನು ನೋಡಿದ್ದೆ. ನೋಡಿಯೂ ನಿನ್ನಂಥವನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡು...

ಈ ವರ್ಷ ಹೊಸ ಮೀನು ಮಾರುಕಟ್ಟೆಯಲ್ಲಿ ಜಾಗ ಹಂಚಿದರು. ಮೊದಲು ರಸ್ತೆ ಬದಿ ಕೂತು ಮಾರಿದವರಿಗೆ ಮಾತ್ರ, ಹಾಗೆ ಕೂತಿದ್ದಕ್ಕೆ ಪುರಾವೆ ಬೇಕಂತೆ. ನಿನ್ನ ಮಗಳ ಹತ್ತಿರ ಕೇಳಿ ಸೀರೆಯ ಫೋಟೋವನ್ನು ಪಟ್ಟಣ ಪಂಚಾಯ್ತಿಗೆ ಒಯ್ದೆ. "ಇದರಲ್ಲಿ ಮೀನು ಎಲ್ಲಿದೆ ಅಮ್ಮಾ? ಮದುವೆಗೆ ಹೊರಟ ಹಾಗಿದೆ" ಎಂದರು ಅಲ್ಲಿಯ ಸಾಹೇಬರು. ಫೋಟೋ ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಈ ನೋಯುವ ಮಂಡಿ ಇಟ್ಟುಕೊಂಡು ಇನ್ನು ಮನೆ ಮನೆಗೆ ಬುಟ್ಟಿ ಹೊರುವುದೇ?

ಆ ಇನ್ನೊಂದು ಫೋಟೋ ಉಳಿದಿದೆಯೇ ಎಂದು ನಿನ್ನ ಮಗಳು ಇಡೀ ಮಧ್ಯಾಹ್ನ ಪೆಟ್ಟಿಗೆ ಹುಡುಕಿದಳು. ಹರಿದಿರಲಿಲ್ಲ ನೀನು. ಮೂರು ಬುಟ್ಟಿ, ರಾಶಿ ತಾರ್ಲೆ, ಹಿಂದೆ ಅಂಗಡಿಯ ಬೋರ್ಡು, ಗೋಡೆಯ ಕೆಂಪು ಗೆರೆ. ಸೀತೆ, ಮಾದೇವಿಯರ ನಡುವೆ ಬಾಯಿ ತೆರೆದು, ಕೈ ಎತ್ತಿ ಬೈಯುತ್ತಿರುವ ನಾನು.

ಸಾಹೇಬರು ಅದನ್ನು ಹಿಡಿದು, "ಇದು ನೀವೇ ಅಂತ ಹೇಗೆ ನಂಬೋದು?" ಎಂದರು.

"ನಾನಲ್ದೇ ಮತ್ತೆಂತ ನಿಮ್ಮ ಅಜ್ಜಿಯಾ?" ಎಂದು ಶುರು ಮಾಡಿದವಳು ನಿಲ್ಲಿಸಲಿಲ್ಲ. ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನ ಬಾಯಿ ನೋಡಿದರು. "ಸಾಕಮ್ಮಾ, ನೀವೇ" ಎಂದು ಸಹಿ ಹಾಕಿದರು.

ಮೂವರಿಗೂ ಸಾಲಾಗಿ ಜಾಗ ಸಿಕ್ಕಿದೆ, ವಿಠ್ಠಲಣ್ಣ. ಬೆನ್ನಿಗೆ ಗೋಡೆ ಇದೆ, ಬಿಸಿಲು ಬರುವುದಿಲ್ಲ.

ನಿನಗೆ ಹೇಳದೇ ಇದ್ದದ್ದು ಒಂದಿದೆ. ಅವತ್ತಿನ ಸಿಟ್ಟಿಗೆ ಆಮೇಲೆ ಎರಡು ಸಲ ಹಿಂದಿನ ದಿನದ ಬಂಗಡೆಯನ್ನು ನಿನ್ನ ಚೀಲಕ್ಕೆ ಹಾಕಿದ್ದೆ. ಗೊತ್ತಾಗಿಯೂ ಸುಮ್ಮನಿದ್ದೆಯೋ ಏನೋ. ನಿನ್ನ ಮಗಳಿಗೆ ಮಾತ್ರ, ನಾನು ಅಲ್ಲಿ ಕೂರುವಷ್ಟು ದಿನ, ಮೀನಿನ ಕಿವಿರು ಎತ್ತಿ, ತಾಜಾ ಇದೆಯೆಂದು ಕೆಂಪು ತೋರಿಸಿಯೇ ಕೊಡುತ್ತೇನೆ.