ಹಿತ್ತಲ ಗೋಡೆಯ ಬೀಜ

ಆಡೂರು
ರೋಹಿಣಿ ಮಳೆ ಬಿದ್ದ ಎಂಟನೇ ದಿನ

ಅತ್ತೆಯವರಿಗೆ ಭಾಗ್ಯಶ್ರೀಯ ನಮಸ್ಕಾರಗಳು.

ಹಂಸಭಾವಿಯಲ್ಲಿ ಬಾಣಂತಿ ಸವಿತಕ್ಕ, ಕೂಸು ಆರಾಮ ಇರಬೇಕು. ನಿಮ್ಮ ಮಗನ ಕೈಯಲ್ಲಿ ತುಪ್ಪ ಕಳಿಸಿದ್ದೇನೆ. ಫೋನಿನಲ್ಲಿ ಹೇಳಲು ಧೈರ್ಯ ಬಾರದ್ದನ್ನು ಬರೆಯುತ್ತಿದ್ದೇನೆ.

ಯುಗಾದಿಗೆ ಸುಣ್ಣ ಹಚ್ಚಬೇಕೆಂದು, ಹಿತ್ತಲ ಗೋಡೆಗೆ ನೀವು ತಟ್ಟಿದ್ದ ಸಗಣಿ ಬಿಲ್ಲೆಗಳನ್ನೆಲ್ಲ ಕೆರೆದು ತಿಪ್ಪೆಗೆ ಎಸೆದುಬಿಟ್ಟೆ. ಹುಳ ಹಿಡಿದ ಹಳೆಯ ಕುಳ್ಳು ಅಂದುಕೊಂಡಿದ್ದೆ. ಸವಣೂರಿನ ಅಂಗಡಿಕಾರರ ಮಗಳು ನಾನು. ಬೀಜವೆಂದರೆ ಪಾಕೀಟಿನಲ್ಲಿ ಬರುತ್ತದೆ ಎಂದಷ್ಟೇ ಗೊತ್ತಿತ್ತು. ಹೊಲದಿಂದ ಬಂದ ಇವರು ತಲೆ ಮೇಲೆ ಕೈ ಹೊತ್ತು ಕುಳಿತರು. "ಅವು ಕುಳ್ಳಲ್ಲ, ಹುಳ ಹತ್ತಬಾರದಂತ ಸಗಣ್ಯಾಗ ಇಟ್ಟು ತಟ್ಟಿದ್ದ ಅವ್ವನ ಬೀಜ! ಬಂದು ಕೇಳಿದ್ರ ಏನ್ ಹೇಳ್ತಿ?"

ಅಂದಿನಿಂದ ಊಟ ರುಚಿಸಿರಲಿಲ್ಲ. ಇವತ್ತು ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಬುಟ್ಟಿ ಹಿಡಿದೇ ನಿಂತುಬಿಟ್ಟೆ. ತಿಪ್ಪೆಯ ಅಂಚಿನಲ್ಲಿ ಒಂದೊಂದು ಬಿಲ್ಲೆಯನ್ನೂ ಸೀಳಿಕೊಂಡು ಹತ್ತಾರು ಮೊಳಕೆ ಎದ್ದಿದ್ದವು. ಇವರು ಬಗ್ಗಿ ನೋಡಿ, "ಹೀರಿ, ಸವತಿ, ಕುಂಬಳ... ಎಲ್ಲಾ ಕೂಡೇ ಎದ್ದಾವ" ಎಂದರು. ನಮ್ಮ ಮನೆಯ ವರ್ಷದ ಕಾಯಿಪಲ್ಲೆಯೆಲ್ಲ ಆ ಗೋಡೆಗೆ ಅಂಟಿಕೊಂಡಿತ್ತು. ನಾನು ದಿನಾ ಅದರ ಮುಂದೆಯೇ ಕುಳಿತು ಪಾತ್ರೆ ತೊಳೆಯುತ್ತಿದ್ದೆ.

ಬೇಲಿಗುಂಟ ಯಾವ ಸಸಿ ಹಚ್ಚಲಿ, ಎಷ್ಟು ದೂರಕ್ಕೆ ಹಚ್ಚಲಿ, ಇವರ ಕೈಯಲ್ಲಿ ಹೇಳಿ ಕಳಿಸಿರಿ.

ಗೋಡೆಗೆ ಸುಣ್ಣ ಹಚ್ಚಿಲ್ಲ. ಒಂದು ಬಿಲ್ಲೆ ಮಾತ್ರ ಕೆರೆದರೂ ಬಿಡದೆ ಉಳಿದಿದೆ. ಅದರ ಮೇಲಿನ ನಿಮ್ಮ ಐದು ಬೆರಳಿನ ಗುರುತಿನಲ್ಲಿ ನನ್ನ ಬೆರಳಿಟ್ಟು ನೋಡಿದೆ. ಇನ್ನೂ ಸರಿ ಕೂಡುವುದಿಲ್ಲ.

ನಿಮ್ಮ ಸೊಸೆ,
ಭಾಗ್ಯಶ್ರೀ