ಹಳದಿ ಟೋಪಿಯ ಹುಡುಗನನ್ನು ಮೈದಾನಕ್ಕಿಳಿಸಿ

ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆಗಿರುವ ಮಾನ್ಯರೇ,

ಪ್ರತಿ ಶನಿವಾರ ಹಳದಿ ಟೋಪಿ ಹಾಕಿಕೊಂಡು ಮೈದಾನದ ಅಂಚಿನಲ್ಲಿ ನಿಂತು ಅರ್ಥವಿಲ್ಲದ ಸನ್ನೆ ಮಾಡುವ ಜೋಸಾಯಾ ಕೀಲ್ ಎಂಬ ಹುಡುಗನನ್ನು ದಯವಿಟ್ಟು ಆಡಿಸಿ. ಪತ್ರದ ಸಾರಾಂಶ ಇಷ್ಟೇ. ಪುರುಸೊತ್ತಿಲ್ಲದಿದ್ದರೆ ನೀವು ಇಲ್ಲಿಗೇ ನಿಲ್ಲಿಸಬಹುದು. ಆದರೆ ಒಂದೇ ಆಟದ ಟೇಪನ್ನು ಹಿಂದೆ ಮುಂದೆ ಓಡಿಸಿ ವಾರವಿಡೀ ನೋಡುವವರು ನೀವು. ಮುದುಕಿಯೊಬ್ಬಳ ಪತ್ರವನ್ನು ಒಂದು ಸಲ ಓದುವಷ್ಟು ತಾಳ್ಮೆ ಇದ್ದೇ ಇರುತ್ತದೆ ಎಂದುಕೊಂಡು ಮುಂದುವರಿಸುತ್ತೇನೆ.

ನನ್ನ ಹೆಸರು ನಿಮಗೆ ಗೊತ್ತಿಲ್ಲದಿರಬಹುದು, ನನ್ನ ಕೈರುಚಿ ಗೊತ್ತಿದೆ. ಪೈಕ್ಸ್ ಬೆಂಡ್ ಕ್ರೀಡಾಂಗಣದ ಪಶ್ಚಿಮದ ಗೇಟಿನ ಪಕ್ಕ, ಕಾರು ನಿಲ್ಲಿಸುವ ಬಯಲಿನಲ್ಲಿ, ಆಟದ ದಿನ ಬೆಳಗಾಗುತ್ತಲೇ ಹೊಗೆಯೆಬ್ಬಿಸಿ ಹಂದಿಯ ಪಕ್ಕೆಲುಬು ಬೇಯಿಸುವವಳು ನಾನೇ. ಆ ದಿನ ಆಟ ಶುರುಮಾಡುವ ಹುಡುಗನನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು, ತಂಡದೊಡನೆ ಗೇಟು ದಾಟುವ ಮೊದಲು ಕೋಚ್ ಆದವರು ನನ್ನ ಒಲೆಯ ಮುಂದೆ ನಿಂತು ಒಂದು ಎಲುಬು ಕಡಿದು ಹೋಗುವುದು ನಿಮ್ಮ ಹಿಂದಿನವರ ಕಾಲದಿಂದ ಬಂದ ಪದ್ಧತಿ. ಅದು ತಪ್ಪಿದರೆ ಸೋಲುತ್ತೇವೆಂದು ಊರು ನಂಬಿದೆ. ನೀವೂ ತಪ್ಪಿಸಿದವರಲ್ಲ. ಪ್ರತಿ ಸಲವೂ "ಸ್ವಲ್ಪ ಖಾರ ಆಯ್ತು" ಅನ್ನುತ್ತೀರಿ, ಪ್ರತಿ ಸಲವೂ ಎರಡನೆಯದಕ್ಕೆ ಕೈ ಹಾಕುತ್ತೀರಿ. ವಾರದ ಉಳಿದ ದಿನಗಳಲ್ಲಿ ನಾನು ಹೆಂಗಸರ ಕೂದಲು ಹೆಣೆಯುವ ಅಂಗಡಿ ನಡೆಸುತ್ತೇನೆ. ಶಾಲೆಯಲ್ಲಿ ಹೆಚ್ಚು ಕಲಿತವಳಲ್ಲ. ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ಹೋದ ಅಣ್ಣಂದಿರಿಗೆ ಪತ್ರ ಬರೆದೂ ಬರೆದೂ ಅಕ್ಷರ ಕೈಗೆ ಹತ್ತಿತು. ಅವರಿಗೆ ಬರೆಯುವ ಹಾಗೆಯೇ ನಿಮಗೂ ಬರೆಯುತ್ತಿದ್ದೇನೆ. ಬೈಗುಳ, ಅಕ್ಕರೆ ಎರಡೂ ಒಂದೇ ಕವರಿನಲ್ಲಿ ಬರುತ್ತವೆ, ನೀವೇ ಬೇರೆ ಮಾಡಿಕೊಳ್ಳಬೇಕು.

ಜೋಸಾಯಾ ಬಂದ ದಿನವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹೈಸ್ಕೂಲು ಹುಡುಗರನ್ನು ಹೋಟೆಲುಗಳ ಹಾಗೆ ನಕ್ಷತ್ರ ಕೊಟ್ಟು ಅಳೆಯುವ ಜನ ಚೆಂಡು ಎಸೆಯುವ ಅವನ ಕೈಗೆ ನಾಲ್ಕು ನಕ್ಷತ್ರ ಕೊಟ್ಟಿದ್ದರು. ನಮ್ಮಂಥ ಸಣ್ಣ ಕಾಲೇಜಿಗೆ ಎರಡು ನಕ್ಷತ್ರದವನು ಬಂದರೇ ಚರ್ಚಿನಲ್ಲಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. ನೀವು ಬ್ಯಾಂಡು ಬಾರಿಸಿದಿರಿ. ಹೆದ್ದಾರಿಯ ಪಕ್ಕದ ಫಲಕಕ್ಕೆ ಅವನ ಚಿತ್ರ ಏರಿಸಿ, ಕೆಳಗೆ "ಭವಿಷ್ಯ ಬಂದಿದೆ" ಎಂದು ಬರೆಸಿದಿರಿ. ಬಂದದ್ದೇನೋ ನಿಜ. ಬಂದ ಭವಿಷ್ಯ ನೀರಿನ ಬಾಟಲಿಗಳ ಪಕ್ಕದಲ್ಲಿ ನಿಂತಿದೆ. ಅಲಬಾಮಾದ ಬಿಸಿಲಿಗೆ ಫಲಕದ ಮೇಲಿನ ಮುಖ ಮಾಸಿತು, ಮೂಗು ಸುಲಿಯಿತು, ಹುಡುಗನ ಜರ್ಸಿಗೆ ಮಾತ್ರ ಇನ್ನೂ ಮಣ್ಣು ಹತ್ತಿಲ್ಲ. ಅವನ ಬಟ್ಟೆ ಒಗೆಯುವವರ ಮೇಲೆ ನಿಮಗಿರುವ ಕರುಣೆ ದೊಡ್ಡದು.

ಅವನಿಗೆ ಕೆಲಸವನ್ನೇ ಕೊಟ್ಟಿಲ್ಲ ಎಂದರೆ ಸುಳ್ಳಾದೀತು. ಕೊಟ್ಟಿದ್ದೀರಿ. ಗೆಲುವು ಖಚಿತವಾಗಿ, ಇನ್ನು ಗಡಿಯಾರ ಓಡಿದರೆ ಸಾಕು ಎನ್ನುವ ಹೊತ್ತಿಗೆ ಅವನನ್ನು ಒಳಗೆ ಕಳಿಸುತ್ತೀರಿ. ಅವನು ಎಸೆಯದೆ, ಹೊತ್ತು ಕಳೆಯಲೆಂದು ಚೆಂಡು ಹಿಡಿದು ಮೊಣಕಾಲೂರುತ್ತಾನೆ, ಆಟ ಮುಗಿಯುತ್ತದೆ. ನಮ್ಮ ಪಾದ್ರಿಗಳೇ ಈ ವರ್ಷ ಅವನಷ್ಟು ಮೊಣಕಾಲೂರಿರಲಾರರು. ಎರಡನೆಯ ಕೆಲಸ ಆ ಟೋಪಿಯದು. ದೊಡ್ಡ ಕಾಲೇಜುಗಳಲ್ಲಿ ಕೋಚ್ ಆಡಿದ ಮಾತು ಹುಡುಗರ ಹೆಲ್ಮೆಟ್ಟಿನೊಳಗೇ ಕೇಳಿಸುತ್ತದಂತೆ. ನಮ್ಮಲ್ಲಿ ಇನ್ನೂ ಕೈಸನ್ನೆ. ಕೆಂಪು, ನೀಲಿ, ಹಳದಿ ಟೋಪಿಯ ಮೂವರು ಅಂಚಿನಲ್ಲಿ ನಿಂತು ಒಟ್ಟಿಗೇ ಕೈ ಬೀಸುತ್ತಾರೆ. ಮುಂದಿನ ಸಲ ಚೆಂಡನ್ನು ಎಲ್ಲಿಗೆ ಆಡಬೇಕೆಂದು ನಿಜವಾಗಿ ಹೇಳುವವನು ಒಬ್ಬನೇ, ಉಳಿದಿಬ್ಬರದು ಎದುರಾಳಿಯ ಕಣ್ಣು ಕಟ್ಟುವ ಸುಳ್ಳು. ನಿಜ ಹೇಳುವ ಸರದಿ ಕೆಂಪಿಗೆ ಬಂದಿದೆ, ನೀಲಿಗೆ ಬಂದಿದೆ, ಹಳದಿಗೆ ಮಾತ್ರ ಇದುವರೆಗೂ ಬಂದಿಲ್ಲ. ನಾಲ್ಕು ನಕ್ಷತ್ರದ ಕೈಯನ್ನು ನೀವು ಸುಳ್ಳು ಹೇಳಲಿಕ್ಕೆ ಇಟ್ಟುಕೊಂಡಿದ್ದೀರಿ. ಇದಕ್ಕೆ ಅವನ ತಾಯಿಯನ್ನು ಅಷ್ಟು ದೂರದಿಂದ ಕರೆಸಿ ಹಾರ ಹಾಕಬೇಕಿತ್ತೇ?

ಸೋಮವಾರದ ಪತ್ರಿಕಾಗೋಷ್ಠಿಯಲ್ಲಿ ನೀವು ಕೊಡುವ ಉತ್ತರ ಊರಿಗೆಲ್ಲ ಬಾಯಿಪಾಠ. "ಹುಡುಗ ಇನ್ನೂ ಮಾಗಬೇಕು." ನಮ್ಮ ಅಂಗಡಿಯಲ್ಲಿ ಟಿವಿ ಯಾವಾಗಲೂ ಹಚ್ಚಿರುತ್ತದೆ. ನನ್ನ ಜೊತೆ ಕೆಲಸ ಮಾಡುವ ಲವೋನಿಯಾ, ಗಿರಾಕಿಯ ಜಡೆ ಅರ್ಧಕ್ಕೆ ಬಿಟ್ಟು ತಿರುಗಿ ನೋಡಿದಳು.

"ಮಾಗೋದಕ್ಕೆ ಅವನೇನು ಉಪ್ಪಿನಕಾಯಿನಾ ವರ್ಲೀನಕ್ಕ? ಭರಣೀಲಿ ಹಾಕಿ ಮುಚ್ಚಳ ಬಿಗಿದು ಇಟ್ಟಿದ್ದಾರಲ್ಲ."

"ಅನುಭವ ಇಲ್ವಂತೆ ಕಣೇ," ಅಂದೆ.

"ಆಡಿಸದೆ ಅನುಭವ ಎಲ್ಲಿಂದ ಬರುತ್ತೆ? ಅಂಚೇಲಿ ಬರುತ್ತಾ?"

ಗಿರಾಕಿ ತಲೆ ಅಲ್ಲಾಡಿಸಿ ನಕ್ಕಳು, ಜಡೆ ಕೈತಪ್ಪಿ ಬಿಚ್ಚಿಕೊಂಡಿತು, ಮತ್ತೆ ಮೊದಲಿನಿಂದ ಹೆಣೆಯಬೇಕಾಯಿತು. ಅದರ ಹೊಣೆಯೂ ನಿಮ್ಮದೇ.

ಲವೋನಿಯಾ ಈ ಮಾತನ್ನು ಸುಮ್ಮನೆ ಆಡಿದವಳಲ್ಲ. ನಮ್ಮ ಚರ್ಚಿನ ಹಾಡುಗಾರರ ಗುಂಪಿನಲ್ಲಿ ಮುಂದೆ ನಿಂತು ಹಾಡುವವಳು ಅವಳೇ. ಹೋದ ಚಳಿಗಾಲ ಅವಳ ಗಂಟಲು ಕಟ್ಟಿತು. ನಮ್ಮ ಗುಂಪಿನ ಮೇಷ್ಟ್ರು ಆ ಭಾನುವಾರವೇ ಹಿಂದಿನ ಸಾಲಿನ ಹುಡುಗಿಯನ್ನು ಮುಂದಕ್ಕೆ ಕರೆದರು. ಹುಡುಗಿ ಎರಡನೆಯ ಚರಣದಲ್ಲಿ ತಪ್ಪಿದಳು. ಸಭೆ "ಹಾಡು ಮಗಳೇ" ಎಂದಿತು, ಹಾಡಿದಳು. ಈಸ್ಟರ್ ಹೊತ್ತಿಗೆ ನಮಗೆ ಇಬ್ಬರು ಹಾಡುಗಾರರಾದರು, ಲವೋನಿಯಾಳ ಗಂಟಲೂ ಉಳಿಯಿತು. ಮೇಷ್ಟ್ರಿಗೆ ಇದಕ್ಕಾಗಿ ಯಾವ ಟೇಪೂ ಬೇಕಾಗಲಿಲ್ಲ. ಕಿವಿ ಇತ್ತು.

ನ್ಯಾಯ ಎಂದ ಮೇಲೆ ಎರಡೂ ಕಡೆ ಹೇಳಬೇಕು. ಜೋಸಾಯಾ ಒಂದು ಸಲ ನಿಜವಾಗಿ ಆಡಿದ್ದಾನೆ. ಸೆಪ್ಟೆಂಬರಿನಲ್ಲಿ, ನಾವು ಹೇಗೂ ಗೆಲ್ಲುತ್ತಿದ್ದ ಆಟದ ಕೊನೆಯಲ್ಲಿ, ನೀವು ಮನಸ್ಸು ಮಾಡಿ ಎಸೆಯಲು ಬಿಟ್ಟಿರಿ. ಅವನು ಚೆಂಡನ್ನು ಸೀದಾ ಎದುರಾಳಿಯ ಕೈಗೆ ಕೊಟ್ಟ. ಆ ಒಂದು ಎಸೆತವನ್ನು ನೀವು ಅಂದಿನಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೀರಿ, ಯಾರು ಕೇಳಿದರೂ ತೆಗೆದು ತೋರಿಸುತ್ತೀರಿ. ಸ್ವಾಮಿ, ಈಗ ಜೋಸಾಯಾನ ಬದಲು ನೀವು ಎಸೆಯಲು ನಿಲ್ಲಿಸಿ ಕಣ್ಣಿಗೊತ್ತಿಕೊಳ್ಳುವ ಕಾರ್ವರ್ ಮೇಸ್ ತನ್ನ ಮೊದಲ ವರ್ಷ ಎದುರಾಳಿಗಳಿಗೆ ಚೆಂಡು ಹಂಚಿದ್ದನ್ನು ನೋಡಿದ್ದರೆ ಅನ್ನದಾನ ನಡೆಯುತ್ತಿದೆ ಅನ್ನುತ್ತಿದ್ದಿರಿ. ಅವನನ್ನು ನಿಮ್ಮ ಹಿಂದಿನವರು ಕೈಬಿಡಲಿಲ್ಲ. ಅದಕ್ಕೇ ಇವತ್ತು ಅವನು ನಿಮಗೆ ಸಿಕ್ಕಿದ್ದಾನೆ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಓದುವವರು ನನ್ನನ್ನು ಜೋಸಾಯಾನ ಕಡೆಯವಳು ಅಂದುಕೊಂಡಾರು. ಕಾರ್ವರ್ ನನ್ನ ತಂಗಿಯ ಮೊಮ್ಮಗ. ನನ್ನ ಒಲೆಯ ಹೊಗೆಯಲ್ಲೇ ಬೆಳೆದವನು. ಅವನ ಜಾಗವನ್ನು ಇನ್ನೊಬ್ಬನಿಗೆ ಕೊಡಿ ಎಂದು ಕೇಳುತ್ತಿರುವವಳು ಅವನ ಅಜ್ಜಿ. ಯಾಕೆ ಎಂದು ಈಗ ಹೇಳುತ್ತೇನೆ.

ಹೋದ ಭಾನುವಾರ ಚರ್ಚು ಮುಗಿಸಿ ಕಾರ್ವರ್ ಊಟಕ್ಕೆ ಬಂದ, ಜೊತೆಗೆ ಜೋಸಾಯಾನನ್ನೂ ಕರೆತಂದ. ತಾಯಿ ದೂರದಲ್ಲಿರುವ ಹುಡುಗ, ಹೆಚ್ಚಿನ ಭಾನುವಾರ ನಮ್ಮಲ್ಲೇ ಉಣ್ಣುತ್ತಾನೆ. ಮೆಕ್ಕೆಜೋಳದ ರೊಟ್ಟಿಯ ಬಾಣಲೆ ಈ ಕಡೆ ದಾಟಿಸು ಎಂದರೆ ಕಾರ್ವರ್ ಎಡಗೈ ಚಾಚಿದ. ಬಾಣಲೆ ವಾಲಿತು, ಬೆಣ್ಣೆ ನನ್ನ ಮೇಜುಬಟ್ಟೆಯ ಮೇಲೆ.

"ಬಲಗೈಗೆ ಏನಾಗಿದೆಯೋ?" ಅಂದೆ.

"ಏನಿಲ್ಲ ಅಜ್ಜಿ."

"ಏನಿಲ್ಲ ಅಂದ್ರೆ ಆ ಮೇಲಿನ ಕಪಾಟಿಂದ ಗಾಜಿನ ಪಾತ್ರೆ ತೆಗೆದುಕೊಡು."

ಎದ್ದ. ಕೈ ಎದೆಯ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು. ಹಣೆಯ ಮೇಲೆ ಬೆವರು ಕಂಡಿತು. ಜೋಸಾಯಾ ಎದ್ದು ಬಂದು, ಅವನ ಹಿಂದಿನಿಂದ ಕೈ ಚಾಚಿ ಪಾತ್ರೆ ಇಳಿಸಿ ನನ್ನ ಮುಂದಿಟ್ಟ. ಇದು ಅವರಿಬ್ಬರಿಗೂ ರೂಢಿಯಾಗಿದೆ ಎಂದು ಆಗ ನನಗೆ ತಿಳಿಯಿತು.

"ಕೋಚ್‌ಗೆ ಹೇಳಿದ್ಯಾ?"

"ಅವರು ಕೇಳ್ತಾರೆ ಅಜ್ಜಿ. ಆಟಕ್ಕೆ ಮುಂಚೆ, ಎಲ್ಲರನ್ನೂ ಸುತ್ತ ನಿಲ್ಲಿಸ್ಕೊಂಡು, 'ಗಟ್ಟಿಯಾಗಿದ್ದೀಯಾ?' ಅಂತಾರೆ. 'ಗಟ್ಟಿಯಾಗಿದ್ದೀನಿ ಸಾರ್' ಅನ್ಬೇಕು. ಬೇರೆ ಉತ್ತರ ಯಾರೂ ಕೊಟ್ಟಿದ್ದೇ ಇಲ್ಲ."

"ಮತ್ತೆ ಈ ಕೈ ಇಟ್ಕೊಂಡು ನಿನ್ನೆ ಹೇಗೋ ಗೆದ್ದೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾರ್ವರ್ ನಗು ತಡೆಯಲು ರೊಟ್ಟಿ ಬಾಯಿಗಿಟ್ಟುಕೊಂಡ, ಆಗಲಿಲ್ಲ.

"ನಿಜದ ಟೋಪಿ ನೋಡೋದು ಬಿಟ್ಟು ಬಹಳ ದಿನ ಆಯ್ತು ಅಜ್ಜಿ. ಇವನ ಟೋಪಿ ನೋಡ್ತೀನಿ."

ಮಾನ್ಯರೇ, ಇದನ್ನು ನಿಧಾನವಾಗಿ ಓದಿ. ನಿಮ್ಮ ನಿಜವಾದ ಸನ್ನೆ ಉದ್ದನೆಯ ಎಸೆತ ಕೇಳುತ್ತದೆ. ಕಾರ್ವರ್‌ನ ಭುಜ ಅದಕ್ಕೆ ಒಪ್ಪುವುದಿಲ್ಲ. ಜೋಸಾಯಾ ಅಂಚಿನಲ್ಲಿ ನಿಂತು ಎದುರಾಳಿಗಳು ಎಲ್ಲಿ ಜಾಗ ಬಿಟ್ಟಿದ್ದಾರೆಂದು ನೋಡಿ, ಆ ಭುಜಕ್ಕೆ ಸಾಧ್ಯವಾಗುವ ಸಣ್ಣ ಎಸೆತವನ್ನು ಆರಿಸಿ, ನೀವು ಸುಳ್ಳಿಗೆಂದು ಕೊಟ್ಟ ಸನ್ನೆಗಳಲ್ಲೇ ಹೇಳುತ್ತಾನೆ. ಸಾಲಿನ ಹಿಂದೆ ನಿಂತು ಕೂಗಿ, ಸನ್ನೆಯಲ್ಲಿ ಬಂದ ಎಸೆತವನ್ನು ಬದಲಿಸುವ ಅಧಿಕಾರ ಕಾರ್ವರ್‌ಗೆ ನೀವೇ ಕೊಟ್ಟಿದ್ದೀರಿ. ಅವನು ಕೂಗುತ್ತಾನೆ. ಚೆಂಡು ಗೆರೆ ದಾಟುತ್ತದೆ, ನೀವು ಅಂಚಿನಲ್ಲಿ ಕುಣಿಯುತ್ತೀರಿ.

"ನಿನ್ನ ಪಕ್ಕದಲ್ಲೇ ಅಷ್ಟು ಜನ ಕೋಚ್‌ಗಳು ನಿಂತಿರ್ತಾರಲ್ಲೋ, ಯಾರಿಗೂ ತಿಳೀಲಿಲ್ವಾ?" ಎಂದು ಜೋಸಾಯಾನನ್ನು ಕೇಳಿದೆ.

"ನನ್ನ ಸನ್ನೆಗೆ ಅರ್ಥ ಇಲ್ಲ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತಲ್ಲ ಮಿಸ್ ವರ್ಲೀನ್," ಅಂದ. "ಅದಕ್ಕೇ ಯಾರೂ ನೋಡಲ್ಲ."

ಮಾರನೆಯ ದಿನ ಸೋಮವಾರ. ನೀವು ಟಿವಿಯಲ್ಲಿ ಬಂದು, ಆ ಗೆಲುವಿನ ಆಟವನ್ನೇ ಎತ್ತಿಕೊಂಡು ಹೇಳಿದಿರಿ: "ಎದುರಾಳಿಯ ಮನಸ್ಸಿನಲ್ಲಿ ಇದ್ದದ್ದನ್ನು ಕಾರ್ವರ್ ಮೊದಲೇ ಕಂಡುಕೊಂಡ. ಅನುಭವ ಅಂದರೆ ಇದು. ಹೊಸಬರಿಗೆ ಇಷ್ಟು ಬೇಗ ಬರುವುದಲ್ಲ." ಲವೋನಿಯಾಗೆ ಭಾನುವಾರದ ಕಥೆ ಹೇಳಿದ್ದೆ. ಅವಳು ಬಾಚಣಿಗೆ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಿ ನಕ್ಕು ಬಂದಳು. ನನಗೆ ನಗು ಬರಲಿಲ್ಲ. ಯಾಕೆಂದರೆ ನೀವು ಹೊಗಳುತ್ತಿದ್ದ ಹೊತ್ತಿಗೆ ಹಿಂದೆ ಅದೇ ಆಟದ ಚಿತ್ರ ಓಡುತ್ತಿತ್ತು. ಕಾರ್ವರ್ ಚೆಂಡು ಬಿಟ್ಟ ಮೇಲೆ ಅವನ ಬಲಗೈ ಒದ್ದೆ ಟವೆಲ್ಲಿನ ಹಾಗೆ ಜೋತುಬಿತ್ತು. ಊರೆಲ್ಲ ಚೆಂಡನ್ನು ನೋಡುತ್ತಿತ್ತು. ನೀವು ವಾರವಿಡೀ ಟೇಪು ನೋಡುವವರಲ್ಲವೇ, ಆ ಕೈ ಕಾಣಲಿಲ್ಲವೇ? ಅಥವಾ ಕಂಡರೆ, 'ಹುಡುಗ ಮಾಗಬೇಕು' ಎಂದು ಆಗಸ್ಟಿನಲ್ಲಿ ಆಡಿದ ಮಾತನ್ನು ನವೆಂಬರಿನಲ್ಲಿ ನುಂಗಬೇಕಾಗುತ್ತದೆ ಎಂದು ಕಾಣದವರಾದಿರೇ?

ಇನ್ನು ಜೋಸಾಯಾ. ಅವನ ತಾಯಿ ಫೋನು ಮಾಡಿ, ಗಂಟು ಕಟ್ಟು, ಬೇರೆ ಕಾಲೇಜಿಗೆ ಹೋಗು ಅನ್ನುತ್ತಿದ್ದಾಳಂತೆ. ಕರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೋಗುತ್ತೀಯಾ ಎಂದು ಕೇಳಿದೆ. "ಈಗ ಹೋದ್ರೆ ಇವನಿಗೆ ಸನ್ನೆ ಮಾಡೋರು ಯಾರು?" ಅಂದ. ಇವನು ಮಾಗಿಲ್ಲ ಎಂದು ನೀವು ಹೇಳುತ್ತೀರಿ. ನಿಮ್ಮ ತಂಡದಲ್ಲಿ ಮಾಗಿದವರು ಇನ್ಯಾರಿದ್ದಾರೆ, ತೋರಿಸಿ.

ನಿಮ್ಮ ಸನ್ನೆ ಮೀರಿದ ತಪ್ಪಿಗೆ ಹುಡುಗರನ್ನು ಶಿಕ್ಷಿಸಬೇಕೆಂದು ನಿಮಗೆ ಅನ್ನಿಸಬಹುದು. ಶಿಕ್ಷಿಸಿ. ಆದರೆ ಸೋಮವಾರ ಟಿವಿಯಲ್ಲಿ ಆ ಆಟವನ್ನು ಹೊಗಳಿದ್ದು ಯಾಕೆ, ಶಿಕ್ಷಿಸಿದ್ದು ಯಾಕೆ, ಎರಡನ್ನೂ ಒಂದೇ ಉಸಿರಿನಲ್ಲಿ ಊರಿಗೆ ವಿವರಿಸಿ. ಬರೆಯುವ ಮೊದಲು ನಾನು ಇಬ್ಬರನ್ನೂ ಕೇಳಿದ್ದೇನೆ. "ಬರೀರಿ ಮಿಸ್ ವರ್ಲೀನ್," ಅಂದ ಜೋಸಾಯಾ, "ನನ್ನನ್ನ ಇನ್ನೂ ಎಲ್ಲಿಗೆ ಇಳಿಸ್ತಾರೆ? ಟೋಪಿ ಕಿತ್ಕೋಬಹುದು, ಅಷ್ಟೇ." ಕಾರ್ವರ್ ತಟ್ಟೆ ಎತ್ತಿಕೊಂಡು ಹೋಗಿ ಎಡಗೈಯಲ್ಲೇ ತೊಳೆದಿಟ್ಟು ಬಂದ. ಅವನಿಗೆ ಮುಂದೆ ಇದೇ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಎಸೆಯುವುದನ್ನು ಕಲಿಸುವ ಆಸೆ. ಎಸೆದು ತೋರಿಸಲು ಕೈ ಬೇಕು. ಕೊನೆಗೆ, "ಬರಿ ಅಜ್ಜಿ. ಕಳಿಸೋ ಮೊದಲು ನನಗೆ ಓದಿ ಹೇಳು," ಅಂದ.

ಆದ್ದರಿಂದ ನನ್ನ ಬೇಡಿಕೆ. ಈ ಶನಿವಾರದ ಆಟವನ್ನು ಜೋಸಾಯಾ ಶುರುಮಾಡಲಿ, ತಪ್ಪು ಮಾಡಲಿ, ಮತ್ತೆ ಎಸೆಯಲಿ. ಕಾರ್ವರ್‌ನನ್ನು ನಾಳೆಯೇ ಮೂಳೆ ಡಾಕ್ಟರ ಹತ್ತಿರ ಕಳಿಸಿ. ಆಮೇಲೆ ಆ ಹಳದಿ ಟೋಪಿಯನ್ನು ಅವನ ತಲೆಗಿಟ್ಟು ಅಂಚಿನಲ್ಲಿ ನಿಲ್ಲಿಸಿ, ಎಡಗೈಯಲ್ಲಿ ಸನ್ನೆ ಮಾಡಲಿ. ಅದನ್ನು ಯಾರು ನೋಡಬೇಕೋ ಅವನು ನೋಡುತ್ತಾನೆ. ನಿಮಗೆ ಮಾಡಲು ಉಳಿಯುವ ಕೆಲಸ ಒಂದೇ: ಮುಂದೆ ಯಾರನ್ನಾದರೂ "ಗಟ್ಟಿಯಾಗಿದ್ದೀಯಾ" ಎಂದು ಕೇಳುವುದಾದರೆ ಪಕ್ಕಕ್ಕೆ ಕರೆದು ಕೇಳಿ.

ಇಷ್ಟು ಬರೆದು, ಮಾತು ಕೊಟ್ಟಂತೆ ಕಾರ್ವರ್‌ಗೆ ಓದಿ ಹೇಳಿದೆ. ನಿಮ್ಮನ್ನು ಆಡಿಕೊಂಡ ಕಡೆಗಳಲ್ಲಿ ಅವನು ನಗಲಿಲ್ಲ, ನಿಮ್ಮ ಮೇಲೆ ಅವನಿಗೆ ಇನ್ನೂ ಗೌರವವಿದೆ. ಒಂದೇ ಒಂದು ತಿದ್ದುಪಡಿ ಹೇಳಿದ. ಭಾನುವಾರದ ಸಂಗತಿ ಬರೆದಲ್ಲಿ ನಾನು, ನಿಮಗೆ ಗಾಬರಿಯಾಗದಿರಲೆಂದು, "ಭುಜ ಸ್ವಲ್ಪ ನೋಯುತ್ತದೆ" ಎಂದು ಒಂದು ಸಾಲು ಸೇರಿಸಿದ್ದೆ.

"ಆ ಸಾಲು ತೆಗೆದುಬಿಡು ಅಜ್ಜಿ," ಅಂದ. "ಸ್ವಲ್ಪ ಅಲ್ಲ."

ತೆಗೆದಿದ್ದೇನೆ.

ಇಂತಿ,
ಶನಿವಾರ ಪಶ್ಚಿಮದ ಗೇಟಿನಲ್ಲಿ ನಿಮ್ಮ ಪಾಲಿನ ಎಲುಬನ್ನು ಬಿಸಿಯಾಗಿ ಇಟ್ಟುಕೊಂಡು, ನಿಮ್ಮ ಹಿಂದೆ ಹೆಲ್ಮೆಟ್ಟು ಹಿಡಿದು ಮೊದಲು ಬರುವವನು ಯಾರೆಂದು ನೋಡಿದ ಮೇಲೆಯೇ ಕೊಡುವವಳು,
ವರ್ಲೀನ್ ಟಾಲಿವರ್