ಮೊಂಡನ ರುಚಿ

ಅಕ್ಟೋಬರ್ 14
ಇವತ್ತು ಆರನೆಯ ಮರ, ಸೋದರತ್ತೆಯ ಹಿತ್ತಿಲಿನದು. ಹಳೆಯ ಸೇಬಿನ ತಳಿಗಳ ವಿವರ ಬರೆಯುವುದು ನರ್ಸರಿಯಲ್ಲಿ ನನ್ನ ಕೆಲಸ. ನಾನು ಚೆನ್ನಾಗಿದೆ ಎಂದರೆ ಕಸಿ ಕಟ್ಟುತ್ತಾರೆ, ಇಲ್ಲವೆಂದರೆ ಇಲ್ಲ. ಮಾರ್ಚ್‌ನಲ್ಲಿ ರಸ್ತೆ ಅಗಲ ಮಾಡಲು ಈ ಮರ ಕಡಿಯುತ್ತಾರಂತೆ. ಈ ತಳಿ ಬೇರೆಲ್ಲೂ ಸಿಕ್ಕಿಲ್ಲ.

ಗಾತ್ರ — ಮುಷ್ಟಿಯಷ್ಟು. ಸಿಪ್ಪೆ — ಒರಟು, ಹಸಿರು, ತೊಟ್ಟಿನ ಸುತ್ತ ತುಕ್ಕಿನ ಬಣ್ಣ. ಮನೆಯವರು ಕರೆಯುವ ಹೆಸರು — ಮೊಂಡ. ಕಚ್ಚಿದೆ. ಹಲ್ಲು ಜುಮ್ಮೆಂದಿತು. ರುಚಿ — ಹುಳಿ, ಒಗರು, ತಿನ್ನಲು ಯೋಗ್ಯವಲ್ಲ.

ನಾನು ತುಂಬಿದ ಫಾರಂ ಅನ್ನು ಅತ್ತೆ ಕನ್ನಡಕ ಏರಿಸಿ ಓದಿದರು. ಬೈಯಲಿಲ್ಲ. "ಇಷ್ಟು ಬೇಗ ಕೇಳಿದ್ರೆ ಅವನು ಬಾಯಿ ಬಿಡ್ತಾನಾ?" ಎಂದರು, ಅಷ್ಟೆ. ಎಂಟು ಹಣ್ಣು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿಕೊಟ್ಟರು. "ತಣ್ಣಗಿರೋ ಕಡೆ ಇಡು. ಫೆಬ್ರವರಿ ತನಕ ಮುಟ್ಬೇಡ ಕಣೇ." ತಂದು ಹಿಂದಿನ ಕೋಣೆಯ ಮಂಚದ ಕೆಳಗೆ ತಳ್ಳಿದೆ.

ಅಕ್ಟೋಬರ್ 16
ಆ ಫಾರಂ ನರ್ಸರಿಯ ಸಾಹೇಬರ ಮೇಜಿಗೆ ಹೋಯಿತು. "ಯೋಗ್ಯವಲ್ಲ ಅಂತ ನೀವೇ ಬರೆದಿದ್ದೀರಲ್ಲ" ಎಂದು ಅಡ್ಡಗೆರೆ ಎಳೆದರು. ಕೆಲಸದಲ್ಲಿ ನೆಂಟಸ್ತನ ನೋಡಲಿಲ್ಲವೆಂದು ಒಳಗೊಳಗೇ ಬೀಗಿದೆ.

ಫೆಬ್ರವರಿ 9
ಡಬ್ಬ ಮರೆತೇ ಹೋಗಿತ್ತು. ಸ್ವೆಟರ್ ಹುಡುಕಲು ಹೋದೆ — ಕೋಣೆಯೆಲ್ಲ ಘಮ... ಸಿಪ್ಪೆ ಹಳದಿಯಾಗಿದೆ, ಕೊಂಚ ಸುಕ್ಕು. ಒಂದನ್ನು ನಿಂತಲ್ಲೇ ತಿಂದು ಮುಗಿಸಿದೆ. ಕಣ್ಣು ತುಂಬಿತು. ಕಾಯಿ ಕಚ್ಚಿ ಹಣ್ಣಿಗೆ ತೀರ್ಪು ಕೊಟ್ಟಿದ್ದೆ.

ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ಆ ಡಬ್ಬ..." ಎಂದೆ ನಾಚುತ್ತ.
"ಬಾಯಿ ಬಿಟ್ನಾ?" ಎಂದು ಅವರೇ ನಕ್ಕರು.
"ನಾನು ಮರೆತೇಬಿಟ್ಟಿದ್ರೆ ಏನತ್ತೆ ಗತಿ?"
"ಮೂಗಿಲ್ವಾ ನಿಂಗೆ?"

ಫೆಬ್ರವರಿ 10, ಬೆಳಿಗ್ಗೆ 11
ಸಾಹೇಬರ ಮೇಜಿನ ಮೇಲೆ ಒಂದು ಹಣ್ಣು ಹೆಚ್ಚಿಟ್ಟೆ. "ನಾನು ಬರೆದದ್ದು ತಪ್ಪು ಸಾರ್." ಎರಡು ಹೋಳು ತಿಂದರು. ಮೂರನೆಯದಕ್ಕೆ ಕೈ ಹಾಕುತ್ತ, "ಹೊಸ ಫಾರಂ ತನ್ನಿ. ಕಸಿಯ ಕಡ್ಡಿ ಇವತ್ತೇ ಕತ್ತರಿಸಿ" ಎಂದರು. ಬದುಕಿದೆ.

ಮಧ್ಯಾಹ್ನ 3
ಕಸಿಗೆ ನಲವತ್ತು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆ ಸುತ್ತಿದ್ದಾಯಿತು. ಅತ್ತೆ ಏಣಿ ಹಿಡಿದು ನಿಂತಿದ್ದರು. "ನನ್ನ ಮಾನ ಉಳಿಸಿದ್ರಿ ಅತ್ತೆ."
"ಮಾನ ಹಾಗಿರ್ಲಿ, ಫಾರಂ ತುಂಬು."
ಒಂದು ಬಿರುನುಡಿ ಆಡದೆ ನಾಲ್ಕು ತಿಂಗಳು ನನಗಾಗಿ ಕಾದರಲ್ಲ... ಈ ಋಣ ತೀರುವಂಥದ್ದಲ್ಲ. ತೀರುವುದೂ ಬೇಡ.

ಸಂಜೆ 6
ಗಾತ್ರ — ಮೊದಲಿನಂತೆ. ಕೀಳುವ ತಿಂಗಳು — ಅಕ್ಟೋಬರ್. ತಿನ್ನುವ ತಿಂಗಳು — ಫೆಬ್ರವರಿ. ಈ ಕಾಲಂ ಫಾರಂನಲ್ಲೇ ಇರಲಿಲ್ಲ, ಸ್ಕೇಲ್ ಹಿಡಿದು ನಾನೇ ಸೇರಿಸಿದೆ. ಹೆಸರು — ಮೊಂಡ. ತಿಳಿಸಿಕೊಟ್ಟವರು — ಸೋದರತ್ತೆ. ರುಚಿ — ತಡಿ, ಇನ್ನೊಂದು ಹೋಳು...